ಕಾಣದ್ದಕ್ಕ ಗೋಣು ಹಾಕಬ್ಯಾಡ್ರಿ

ನಾನು ಏಳನೆಯ ಇಯತ್ತೆಯ ತನಕ ಕಲಿತವನು. ಹಗಲು ಹೊಲ, ರಾತ್ರಿ ಹಾಡಕಿ, ಇಷ್ಟರಲ್ಲಿಯೇ ಅರವತ್ತು ದಾಟಿದವು. ಹರದೇಶಿ-ನಾಗೇಶಿ ಮೇಳದಲ್ಲಿ ಎದುರಿನವರಿಗೆ ಸವಾಲು ಹಾಕುವುದು, ಅವರ ಸವಾಲಿಗೆ ಜವಾಬು ಕೊಡುವುದು, ಇದು ನನಗೆ ಗೊತ್ತಿರುವ ವಿದ್ಯೆ. ವಾಚನಾಲಯದ ಹುಡುಗರು "ಮುತ್ಯಾ, ಪುಸ್ತಕಕ್ಕ ನೀವೂ ಏನರೆ ಬರದ ಕೊಡ್ರಿ" ಅಂದಾಗ ಹಳೆಯ ಹಾಡಿನ ಮೇಲೆ ಬರೆಯಲಿ ಅಂತ ಅವರ ಮನಸ್ಸಿನಲ್ಲಿತ್ತು. ಆದರೆ ನಾನು ಬರೆಯುವುದು ದುರ್ಬೀನಿನ ಮೇಲೆ. ಅದರಲ್ಲಿಯೂ ದುರ್ಬೀನಿನ ಬೆನ್ನ ಮೇಲೆ ಕೂಡುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸಾಮಾನಿನ ಮೇಲೆ. ಅದಕ್ಕೆ ರೆಡ್ ಡಾಟ್ ಫೈಂಡರ್ ಅನ್ನುತ್ತಾರೆ. ನಾವು ಕೆಂಪು ಚುಕ್ಕಿ ಅನ್ನೋಣ.

ಇದು ಜಗಳದ ಬರಹ. ಗುರುಜಿಯವರು ಸಿಟ್ಟಾಗಬಾರದು. ಸಿಟ್ಟಾದರೂ ಪೂರ್ತಿ ಓದಿ ಸಿಟ್ಟಾಗ್ರಿ.

2024ರ ಡಿಸೆಂಬರ ಕೊನೆ, ಎಳ್ಳ ಅಮಾಸಿಯ ಹಿಂದುಮುಂದಿನ ದಿನ. ನಮ್ಮ ಭಾಗದ ಒಂದು ಶಾಲೆಯಲ್ಲಿ ರಾತ್ರಿ ಆಕಾಶ ನೋಡುವ ಕಾರ್ಯಕ್ರಮ ಇಟ್ಟಿದ್ದರು. ಶಾಲೆಯ ಹೆಸರು ಹೇಳುವುದಿಲ್ಲ, ಹೇಳಿ ಯಾರ ಮರ್ಯಾದೆ ಕಳೆಯುವ ಇಚ್ಛೆ ನನಗಿಲ್ಲ. ಯಾರೋ ಪುಣ್ಯಾತ್ಮರು ಹೊಸ ದುರ್ಬೀನ ಕೊಟ್ಟಿದ್ದರು. ಮಕ್ಕಳು, ತಾಯಂದಿರು, ನನ್ನಂಥ ಮುದುಕರು ಸೇರಿ ದೊಡ್ಡ ಪಾಳಿ ಹಚ್ಚಿದ್ದೆವು. ಚಂದ್ರ ಇರಲಿಲ್ಲ. ಪೂರ್ವಕ್ಕೆ ರೋಣಿ ನಕ್ಷತ್ರದ ಹತ್ತಿರ ಗುರು ಗ್ರಹ ದೀಪದಂತೆ ಉರಿಯುತ್ತಿತ್ತು. ಅದನ್ನೇ ತೋರಿಸುತ್ತೇವೆ ಅಂದರು. ಗುರುಜಿ ಕೊಳವೆಯ ಬೆನ್ನಿನ ಗುಂಟ ಒಂದು ಕಣ್ಣು ಮುಚ್ಚಿ ನೋಡಿ, ಹಿಡಿದು ನಿಲ್ಲಿಸಿ, "ಇಟ್ಟೇನಿ, ಬರ್ರಿ" ಅಂದರು.

ಮೊದಲಿನ ಹುಡುಗ ಕಣ್ಣಿಟ್ಟ. "ಕಂಡತೇನೋ?" "ಹೂಂ ಸರ." ಎರಡನೆಯವ. "ಕಂಡತು ಸರ." ಮೂರನೆಯವಳು, ನಾಲ್ಕನೆಯವ, ಎಲ್ಲರಿಗೂ ಕಂಡಿತು. ನನ್ನ ಪಾಳಿ ಬಂತು. ಕಣ್ಣಿಟ್ಟೆ. ಬಾವಿಯೊಳಗೆ ಬಗ್ಗಿ ನೋಡಿದಂತೆ ಬರೇ ಕತ್ತಲೆ. "ಕಂಡತೇನ್ರಿ ಮುತ್ಯಾ?" ಅಂದರು ಗುರುಜಿ. ಹಿಂದೆ ನೂರು ಮಂದಿ. ನೂರಾರು ಕಟ್ಟೆ ಮೇಲೆ ನಿಂತು ಹಾಡಿದ ಮನುಷ್ಯ ನಾನು. ಕಾಣಲಿಲ್ಲ ಅಂದರೆ ಇವನಿಗೆ ಕಣ್ಣೂ ಇಲ್ಲ, ತಿಳುವಳಿಕೆಯೂ ಇಲ್ಲ ಅಂದಾರು ಅಂತ ಅಂಜಿ, "ಭಾಳ ಚಂದ ಕಂಡತ್ರಿ ಸರ" ಅಂದೆ.

ನನ್ನ ಬೆನ್ನಿಗೆ ಮೊಮ್ಮಗಳು. ಆರನೆಯ ಇಯತ್ತೆ. ಅವಳು ಬಹಳ ಹೊತ್ತು ನೋಡಿ, "ಸರ, ಇದರಾಗ ಏನೂ ಇಲ್ಲರಿ, ಬರೇ ಕತ್ತಲಿ" ಅಂದಳು. ಎಲ್ಲರೂ ನಕ್ಕರು. "ನಿನಗ ನೋಡಾಕ ಬರಂಗಿಲ್ಲ, ಸರಿ ಆಕಡೆ" ಅಂದರು.

ಮನೆಗೆ ಹೋಗುವ ಹಾದಿಯಲ್ಲಿ ಅವಳು ಕೇಳಿದಳು: "ಮುತ್ಯಾ, ನಿನಗ ಏನ ಕಂಡಿತ್ತು?"

ಎದುರಿನ ಮೇಳದ ಎಂಥೆಂಥ ಸವಾಲಿಗೆ ನಾನು ಜವಾಬು ಕೊಟ್ಟಿದ್ದೇನೆ. ಇದಕ್ಕೆ ಬಾಯಿ ಬರಲಿಲ್ಲ. ಮನೆಯ ಕಟ್ಟೆಗೆ ಬಂದ ಮೇಲೆ, "ನನಗೂ ಏನೂ ಕಾಣಲಿಲ್ಲ ತಂಗಿ, ನಾ ಸುಳ್ಳ ಹೇಳಿದ್ನಿ" ಅಂದೆ. ಅವಳು ನಗಲಿಲ್ಲ. "ಹಂಗಾರ ಅವರೆಲ್ಲಾರೂ ಸುಳ್ಳ ಹೇಳಿದ್ರೇನು?" ಅಂದಳು.

ಹೌದು. ಎಲ್ಲರೂ ಸುಳ್ಳು ಹೇಳಿದ್ದೆವು. ವಿಜ್ಞಾನ ಕಲಿಸಲು ಕೂಡಿಸಿದ ಪಾಳಿಯಲ್ಲಿ ನೂರು ಮಂದಿಗೆ ಸುಳ್ಳು ಹೇಳುವುದನ್ನು ಕಲಿಸಿ ಮನೆಗೆ ಕಳಿಸಿದರು. ಖರೆ ಹೇಳಿದ ಒಂದು ಹುಡುಗಿಗೆ ನೋಡಾಕ ಬರಂಗಿಲ್ಲ ಅಂದರು. ನನ್ನ ಜಗಳ ಇದರ ಮೇಲೆ.

ಇದು ನಮಗೆ ಹೊಸ ರೂಢಿಯಲ್ಲ. ಮದುವೆಯಲ್ಲಿ ಅರುಂಧತಿ ತೋರಿಸುತ್ತಾರೆ, ನೋಡಿದ್ದೀರಿ. ಹಗಲು ಹನ್ನೆರಡು ಗಂಟೆ, ಸುಡುಸುಡು ಬಿಸಿಲು, ಮೇಲೆ ಮಾಂಡವ. ಭಟ್ಟರು ಬೆರಳು ಮೇಲೆ ಮಾಡುತ್ತಾರೆ. ಮದುಮಗ ಗೋಣು ಹಾಕುತ್ತಾನೆ, ಮದುಮಗಳೂ ಗೋಣು ಹಾಕುತ್ತಾಳೆ. ನಾನೂ ಹಾಕಿದವನೇ. ಅರುಂಧತಿ ಮಾತ್ರ ಖರೆ ಇದ್ದಾಳೆ. ರಾತ್ರಿ ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವಿನ ಚುಕ್ಕಿ ವಸಿಷ್ಠ. ಅವನ ಮಗ್ಗಲಿಗೆ ಅಂಟಿಕೊಂಡಂತೆ ಸಣ್ಣಗೆ ಅರುಂಧತಿ. ಒಳ್ಳೆಯ ಕಣ್ಣಿದ್ದರೆ ದುರ್ಬೀನಿಲ್ಲದೆ ಕಾಣುತ್ತಾಳೆ. ದುರ್ಬೀನ ಹಚ್ಚಿದರೆ ವಸಿಷ್ಠನೇ ಎರಡು ಚುಕ್ಕಿಯಾಗಿ ಒಡೆದು ಕಾಣುತ್ತಾನೆ. ಹಿಂದಿನವರು ಸಣ್ಣ ಚುಕ್ಕಿಯನ್ನು ಒಮ್ಮೆಲೇ ತೋರಿಸುತ್ತಿರಲಿಲ್ಲ. ಮೊದಲು ಹತ್ತಿರದ ದೊಡ್ಡ ಚುಕ್ಕಿ, ಅದು ಕಂಡ ಮೇಲೆ ಅದರ ಬದಿಯ ಸಣ್ಣದು. ಇದಕ್ಕೆ ಅರುಂಧತಿ ನ್ಯಾಯ ಅಂತಲೇ ಹೆಸರು. ಆ ಪದ್ಧತಿ ಬಿಟ್ಟೆವು, ಗೋಣು ಹಾಕುವುದನ್ನು ಮಾತ್ರ ಉಳಿಸಿಕೊಂಡೆವು.

ಮುಂದೇನಾಯಿತು ಕೇಳ್ರಿ. ದುರ್ಬೀನ ಖರಾಬ ಐತಿ ಅಂತ ತೀರ್ಮಾನ ಮಾಡಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಶಾಲೆಯ ಸಾಮಾನು ಬರೆಯುವ ದಫ್ತರಕ್ಕೆ ಡೆಡ್‌ಸ್ಟಾಕ್ ರಜಿಸ್ಟರ್ ಅಂತ ಹೆಸರು. ಅದರಲ್ಲಿ ದುರ್ಬೀನ ಒಂದು ಅಂತ ಬರೆದಿತ್ತು. ಆ ಹೆಸರು ಅದಕ್ಕೆ ಸರಿಯಾಗಿಯೇ ಒಪ್ಪಿತು.

ನಾವು ಮುತ್ಯಾ-ಮೊಮ್ಮಗಳು ಬೆನ್ನು ಬಿಡಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಒಬ್ಬ ಎಳೆಯ ವಯಸ್ಸಿನ ಮಾಸ್ತರರು, "ಆಯ್ತು ಬರ್ರಿ, ರವಿವಾರ ತಗದ ನೋಡೂನು" ಅಂದರು. ಅವರಿಗೆ ನನ್ನ ನಮಸ್ಕಾರ. ಕೊಳವೆಯ ಮೇಲೆ ಕೆಂಪು ಚುಕ್ಕಿಯ ಸಾಮಾನು ಕೂತಿತ್ತು. ಗುಂಡಿ ತಿರುವಿದರೆ ಬೆಳಕಿಲ್ಲ. ಸೆಲ್ಲು ಹೋಗಿರಬೇಕು ಅಂದರು. ಮೊಮ್ಮಗಳು ಅದನ್ನು ತಿರುವಿ ಮುರುವಿ ನೋಡಿ, "ಇದೇನ್ರಿ ಸರ, ಇಲ್ಲೊಂದು ಹಾಳಿ ಚೂರು ಹೊರಗ ಬಂದೈತಿ" ಅಂತ ಎಳೆದಳು. ಸೆಲ್ಲಿನ ಕೆಳಗೆ ತೆಳ್ಳನ ಪ್ಲಾಸ್ಟಿಕ್ ಪಟ್ಟಿ! ಹೊಸ ಸಾಮಾನಿನ ಸೆಲ್ಲು ಹಾದಿಯಲ್ಲಿ ಖರ್ಚಾಗಬಾರದು ಅಂತ ಕಂಪನಿಯವರು ಇಟ್ಟಿರುತ್ತಾರೆ, ತಂದ ಮೇಲೆ ಎಳೆದು ತೆಗೆಯಬೇಕು. ಎಳೆದ ಕೂಡಲೆ ಚುಕ್ಕಿ ಹತ್ತಿತು. ಅಂದರೆ ದುರ್ಬೀನ ಬಂದ ದಿನದಿಂದ ಆ ಚುಕ್ಕಿಯನ್ನು ಒಬ್ಬರೂ ಹಚ್ಚಿ ನೋಡಿರಲಿಲ್ಲ. ದುರ್ಬೀನಿಗೆ ಏನೂ ಆಗಿರಲಿಲ್ಲ. ಖರಾಬ ಆಗಿದ್ದವರು ನಾವು.

ಈಗ ಈ ಚುಕ್ಕಿಯ ಕೆಲಸ ಹೇಳುತ್ತೇನೆ. ನಾನು ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಬೇಕು.

ದುರ್ಬೀನ ಆಕಾಶದ ಬಹಳ ಸಣ್ಣ ತುಣುಕನ್ನು ತೋರಿಸುತ್ತದೆ. ನಮ್ಮ ದುರ್ಬೀನಿನ ಮೇಲೆ 700 ಅಂತ ಬರೆದಿದೆ. ಕಣ್ಣಿಡುವ ಸಣ್ಣ ಕೊಳವೆಗೆ ಐಪೀಸ್ ಅನ್ನುತ್ತಾರೆ, ಅದರ ಮೇಲೆ 25, 10 ಹೀಗೆ ಅಂಕಿ ಇರುತ್ತದೆ. 700ನ್ನು 25ರಿಂದ ಭಾಗಿಸಿದರೆ 28. ಅಂದರೆ 28 ಪಟ್ಟು ದೊಡ್ಡದಾಗಿ ಕಾಣುತ್ತದೆ. 10 ಹಚ್ಚಿದರೆ 70 ಪಟ್ಟು. ಅಂಕಿ ಸಣ್ಣದಾದಷ್ಟು ದೊಡ್ಡದು ಕಾಣುತ್ತದೆ, ಆದರೆ ಕಾಣುವ ಜಾಗ ಕಿರಿದಾಗುತ್ತದೆ. 25ರಲ್ಲಿ ಸುಮಾರು ಮೂರು ಚಂದ್ರ ಅಗಲದ ಆಕಾಶ ಹಿಡಿಸಿದರೆ 10ರಲ್ಲಿ ಒಂದು ಚಂದ್ರಕ್ಕಿಂತ ತುಸು ಹೆಚ್ಚು. ಆ ರಾತ್ರಿ ಭಾಳ ದೊಡ್ಡದು ಕಾಣಲಿ ಅಂತ 10ನ್ನೇ ಹಚ್ಚಿದ್ದರು. ಅಷ್ಟು ಸಣ್ಣ ಕಿಂಡಿಯಲ್ಲಿ ಕಣ್ಣಂದಾಜಿನಿಂದ ಒಂದು ಚುಕ್ಕಿ ಹಿಡಿಯುವುದೆಂದರೆ ರಾತ್ರಿಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಚಂದ್ರ ಇದ್ದಿದ್ದರೆ ಅದರ ಬೆಳಕೇ ದಾರಿ ತೋರಿಸುತ್ತಿತ್ತು. ಅಂದು ಅದೂ ಇರಲಿಲ್ಲ.

ಅದಕ್ಕೇ ಕೆಂಪು ಚುಕ್ಕಿ. ಅದರೊಳಗೆ ಒಂದು ಸಣ್ಣ ದೀಪ, ಮುಂದೆ ಬಾಗಿದ ಗಾಜು. ದೀಪದ ಬೆಳಕು ಗಾಜಿಗೆ ಬಡಿದು ನಮ್ಮ ಕಣ್ಣಿಗೆ ಬರುವಾಗ ಆ ಚುಕ್ಕಿ ಆಕಾಶದಷ್ಟು ದೂರ ಇದ್ದಂತೆ ತೋರುತ್ತದೆ. ತಲೆ ತುಸು ಆಚೀಚೆ ಆದರೂ ಚುಕ್ಕಿ ತಾನು ಕೂತ ನಕ್ಷತ್ರವನ್ನು ಬಿಡುವುದಿಲ್ಲ. ಅದು ಏನನ್ನೂ ದೊಡ್ಡದು ಮಾಡುವುದಿಲ್ಲ, ತಲೆಕೆಳಗೂ ಮಾಡುವುದಿಲ್ಲ. ಬೆರಳು ಮಾಡಿ ಅಕೋ ಅಲ್ಲಿ ಅಂತ ತೋರಿಸುತ್ತದೆ, ಅಷ್ಟೇ. ಆದರೆ ಆ ಬೆರಳು ಮತ್ತು ದುರ್ಬೀನಿನ ಕಣ್ಣು ಎರಡೂ ಒಂದೇ ಕಡೆ ನೋಡುವಂತೆ ನಾವು ಮೊದಲು ಹೊಂದಿಸಿಕೊಡಬೇಕು. ಅದನ್ನು ಹಗಲಲ್ಲಿ ಮಾಡಬೇಕು.

ನಾವು ಮಾಡಿದ್ದು ಹೀಗೆ. ಬೆಳಿಗ್ಗೆ ಹೊತ್ತಿಗೆ ಬೆನ್ನು ಮಾಡಿ ಪಡುವಣಕ್ಕೆ ತಿರುಗಿ ನಿಂತೆವು. ಇದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕು: ದುರ್ಬೀನನ್ನು ಸೂರ್ಯನ ಕಡೆ ತಪ್ಪಿಯೂ ತಿರುಗಿಸಬಾರದು, ಒಂದು ಗಳಿಗೆಯಲ್ಲಿ ಕಣ್ಣು ಹೋಗುತ್ತದೆ. ಮಕ್ಕಳ ಕೈಯಲ್ಲಿ ಹಗಲು ಕೊಟ್ಟಾಗ ದೊಡ್ಡವರು ಬದಿಗೆ ನಿಂತಿರಬೇಕು. ಊರಾಚೆ ದೂರದಲ್ಲಿ ಮೊಬೈಲ್ ಟವರ್ ಇದೆ. 25ರ ಐಪೀಸ್ ಹಚ್ಚಿ ಅದರ ತುದಿಯನ್ನು ಹುಡುಕಿ ನಟ್ಟನಡುವೆ ತಂದೆವು. ಟವರ್ ತಲೆಕೆಳಗಾಗಿ ಬಾವಲಿಯಂತೆ ಜೋತಾಡಿತು, ಹುಡುಗರು ಬಿದ್ದು ಬಿದ್ದು ನಕ್ಕರು. ಈ ಜಾತಿಯ ದುರ್ಬೀನಿನಲ್ಲಿ ಹಾಗೇ ಕಾಣುತ್ತದೆ, ಅದು ದೋಷವಲ್ಲ. ಸ್ಟ್ಯಾಂಡಿನ ತಿರುಪು ಬಿಗಿ ಮಾಡಿದೆವು. ಇನ್ನು ಕೊಳವೆ ಮುಟ್ಟಬಾರದು. ಆಮೇಲೆ ಚುಕ್ಕಿ ಹಚ್ಚಿ, ಗೇಣು ಹಿಂದೆ ತಲೆ ಇಟ್ಟು, ಎರಡೂ ಕಣ್ಣು ತೆರೆದು ನೋಡಿದರೆ ಕೆಂಪು ಚುಕ್ಕಿ ಟವರ್ ಬಿಟ್ಟು ಎತ್ತಲೋ ಬೇವಿನ ಗಿಡದ ಮೇಲೆ ಕೂತಿದೆ! ಆ ಸಾಮಾನಿಗೆ ಎರಡು ಸಣ್ಣ ತಿರುಪು. ಒಂದು ಎಡಬಲಕ್ಕೆ, ಒಂದು ಮೇಲೆ-ಕೆಳಕ್ಕೆ. ಮೊಮ್ಮಗಳು ಒಂದಿಷ್ಟಿಷ್ಟೇ ತಿರುವಿ ಚುಕ್ಕಿಯನ್ನು ಟವರಿನ ತುದಿಗೆ ತಂದಳು. ಮತ್ತೆ ಐಪೀಸಿನಲ್ಲಿ ನೋಡಿ ತುದಿ ನಡುವೆಯೇ ಇದೆ ಅಂತ ಖಾತ್ರಿ ಮಾಡಿಕೊಂಡೆವು. ಮುಗಿಯಿತು. ಅರ್ಧ ತಾಸಿನ ಕೆಲಸ.

ಗುರುತು ದೂರದ್ದೇ ಯಾಕೆ ಬೇಕು ಅಂದ್ರ, ಚುಕ್ಕಿಯ ಸಾಮಾನು ಕೊಳವೆಯಿಂದ ನಾಲ್ಕು ಬೆರಳು ಮೇಲೆ ಕೂತಿರುತ್ತದೆ. ಹತ್ತಿರದ ಗೋಡೆಗೆ ಹೊಂದಿಸಿದರೆ ಆ ನಾಲ್ಕು ಬೆರಳಿನ ಫರಕು ಆಕಾಶದಲ್ಲಿ ದಾರಿ ತಪ್ಪಿಸುತ್ತದೆ. ಕೂರಗಿ ಹಿಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮೊದಲ ಸಾಲು ಬಿಡುವಾಗ ಎತ್ತಿನ ಕೋಡು ನೋಡುತ್ತ ಹೋದರೆ ಸಾಲು ಹಾವಿನಂತಾಗುತ್ತದೆ. ಆಚೆ ಬದುವಿನ ಬನ್ನಿಗಿಡ ನೋಡುತ್ತ ಹೋದರೆ ನೆಟ್ಟಗೆ ಬರುತ್ತದೆ.

ಹಾಡುವವರಿಗೂ ಇದು ಗೊತ್ತು. ನಮ್ಮ ಮಿರಜದಲ್ಲಿ ತಂಬೂರಿ, ಸತಾರ ಮಾಡುವ ಮನೆತನಗಳಿವೆ, ದೇಶದ ದೊಡ್ಡ ದೊಡ್ಡ ಗವಾಯಿಗಳು ಅಲ್ಲಿಂದ ಒಯ್ಯುತ್ತಾರೆ. ಎಂಥ ಮಿರಜದ ತಂಬೂರಿಯಾದರೂ ಸುರ ಹಚ್ಚದೆ ಬಾರಿಸಿದರೆ ಕಟ್ಟಿಗೆಯೇ. ಸುರ ಹಚ್ಚುವುದು ಮಂದಿ ಕೂಡುವ ಮೊದಲು. ಮಂದಿ ಕೂತ ಮೇಲೆ ಕತ್ತಲಲ್ಲಿ ದುರ್ಬೀನಿಗೆ ಸುರ ಹಚ್ಚಲು ಹೋದದ್ದೇ ಆ ರಾತ್ರಿಯ ತಪ್ಪು.

ಅದೇ ವಾರ ರಾತ್ರಿ ಮತ್ತೆ ನೋಡಿದೆವು. ಪಡುವಣದಲ್ಲಿ ಬೆಳ್ಳಿ. ಮೊಮ್ಮಗಳು ಚುಕ್ಕಿಯ ಬೆಳಕನ್ನು ಸಣ್ಣದು ಮಾಡಿ (ದೊಡ್ಡದಿದ್ದರೆ ನಕ್ಷತ್ರವನ್ನೇ ಮುಚ್ಚುತ್ತದೆ) ಬೆಳ್ಳಿಯ ಮೇಲೆ ಕೂಡಿಸಿದಳು. ಐಪೀಸಿನಲ್ಲಿ ಬೆಳ್ಳಿ ಅರ್ಧ ಚಂದ್ರನಂತೆ ಕಾಣಿಸಿತು! ಅರವತ್ತು ವರ್ಷ ಬೆಳ್ಳಿ ನೋಡಿ ಎತ್ತು ಬಿಚ್ಚಿದವನು, ಬೆಳ್ಳಿ ನೋಡಿ ಎತ್ತು ಹೂಡಿದವನು ನಾನು. ಅದು ಚಂದ್ರನಂತೆ ಕರಗಿ ತುಂಬುತ್ತದೆ ಅಂತ ಆ ರಾತ್ರಿ ತಿಳಿಯಿತು. ಆಮೇಲೆ ಗುರು. ಅದರ ಬದಿಗೆ ಒಂದೇ ಗೆರೆಯಲ್ಲಿ ಸಣ್ಣ ಚುಕ್ಕಿಗಳು, ಅದರ ಚಂದ್ರರು. 1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೊ ತಾನೇ ಮಾಡಿದ ದುರ್ಬೀನಿನಲ್ಲಿ ಕಂಡದ್ದು ಇವನ್ನೇ. ಅವನೂ ಕಂಡದ್ದನ್ನು ಕಂಡೆ ಅಂದ. ಅದಕ್ಕಾಗಿ ಮುಂದೆ ಬಹಳ ಕಷ್ಟಪಟ್ಟ.

ಇನ್ನು ಸವಾಲು-ಜವಾಬು.

ಸವಾಲು ಒಂದು: "ಮಕ್ಕಳ ಕೈಯಾಗ ಕೊಟ್ಟರ ಕೆಡತೈತಿ, ಆಮ್ಯಾಲ ಲೆಕ್ಕ ಯಾರು ಕೊಡವರು?" ಗುರುಜಿಯವರ ಅಂಜಿಕೆ ನನಗೆ ತಿಳಿಯುತ್ತದೆ. ಇಲೆಕ್ಷನ್ ಕೆಲಸ, ಜನಗಣತಿ, ಅಡಿಗೆಯ ಲೆಕ್ಕ, ಎಲ್ಲ ಅವರ ತಲೆಯ ಮೇಲೆ. ಆದರೆ ಕಪಾಟಿನಲ್ಲಿ ಬೂಜು ಹಿಡಿದ ಮಸೂರವೂ ಕೆಟ್ಟದ್ದೇ. ಕೆಂಪು ಚುಕ್ಕಿಗೆ ಖರ್ಚಾಗುವುದು ರೂಪಾಯಿಯಷ್ಟಗಲದ ಒಂದು ಸೆಲ್ಲು, ಅದೂ ಆರಿಸುವುದನ್ನು ಮರೆತರೆ. ನಮ್ಮ ಮಕ್ಕಳು ಟ್ರ್ಯಾಕ್ಟರ್ ಹಿಂದೆ ತೆಗೆಯುತ್ತಾರೆ, ದ್ರಾಕ್ಷಿ ಬಾಗಿಗೆ ಔಷಧ ಅಳೆಯುತ್ತಾರೆ. ಎರಡು ತಿರುಪು ತಿರುವಲಾರರೇ?

ಸವಾಲು ಎರಡು: "ಈಗ ಕಂಪ್ಯೂಟರ್ ದುರ್ಬೀನ ಬಂದಾವ, ಬಟನ್ ಒತ್ತಿದರ ತಾನ ಹುಡಕತಾವ. ಅಂಥಾದ್ದ ಬರಲಿ, ಆಗ ನೋಡೂನು." ಬರಲಿ, ಬೇಡ ಅಂದವರ್‍ಯಾರು? ಆದರೆ ಅಂಥ ಬಹಳಷ್ಟು ದುರ್ಬೀನಿಗೂ ಮೊದಲು ಒಂದೆರಡು ನಕ್ಷತ್ರ ನಾವೇ ತೋರಿಸಿ, ಇದು ರೋಣಿ, ಇದು ವ್ಯಾಧ ಅಂತ ಪರಿಚಯ ಮಾಡಿಕೊಡಬೇಕು. ಆ ಪರಿಚಯಕ್ಕೂ ಅದರ ಬೆನ್ನ ಮೇಲೆ ಇದೇ ಕೆಂಪು ಚುಕ್ಕಿ ಕೂತಿರುತ್ತದೆ. ಇದನ್ನು ಕಲಿಯದವನಿಗೆ ಅದೂ ಕತ್ತಲೆಯನ್ನೇ ತೋರಿಸುತ್ತದೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಯಂತ್ರಗಳದೇ ಒಂದು ಅಧ್ಯಾಯವಿದೆಯಂತೆ. ಅನೇಕ ಯಂತ್ರ ಹೇಳಿ, ಕೊನೆಗೆ ಧೀಯಂತ್ರ ಅಂದರೆ ಬುದ್ಧಿಯ ಯಂತ್ರ ಅಂತ ಒಂದನ್ನು ಹೇಳುತ್ತಾರೆ. ಅದು ಬರೇ ಒಂದು ಕೋಲು. ಕೋಲಿನ ಗುಂಟ ಕಣ್ಣಿಟ್ಟು ಲೆಕ್ಕ ಮಾಡುವವನಿಗೆ ಉಳಿದದ್ದು ಅಷ್ಟೇನೂ ಬೇಕಾಗಿಲ್ಲ. ಕೆಂಪು ಚುಕ್ಕಿ ಆ ಕೋಲಿನ ಮೊಮ್ಮಗ.

ಸವಾಲು ಮೂರು: "ನಮ್ಮ ಗಡಿನಾಡ ಹಳ್ಳಿ ಹುಡುಗರಿಗೆ ಇದರಿಂದ ಏನ ಆಗೂದೈತಿ?" ಜಯಂತ ನಾರಳೀಕರರು ಹುಟ್ಟಿದ್ದು 1938ರಲ್ಲಿ, ಇಲ್ಲೇ ಮಗ್ಗಲಿನ ಕೊಲ್ಲಾಪುರದಲ್ಲಿ. 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ದೇಶವೇ ನೆನೆಯಿತು. ಎಲ್ಲರೂ ಅವರಂತಾಗುತ್ತಾರೆ ಅಂತ ನಾನು ಹೇಳುವುದಿಲ್ಲ. ನನ್ನ ಮೊಮ್ಮಗಳು ನಾಳೆ ಬಾಗಿನಲ್ಲಿ ದ್ರಾಕ್ಷಿ ಕತ್ತರಿಸುತ್ತಾ ಇರಬಹುದು. ಆದರೆ ಕಂಡಿಲ್ಲದ್ದನ್ನು ಕಂಡಿಲ್ಲ ಅನ್ನುವ ಧೈರ್ಯ ಅವಳಿಗೆ ದ್ರಾಕ್ಷಿ ವ್ಯಾಪಾರಿಯ ಮುಂದೆಯೂ ಬೇಕು, ತೂಕದ ಕಾಟದ ಮುಂದೆಯೂ ಬೇಕು, ಓಟು ಕೇಳಲು ಬಂದವನ ಮುಂದೆಯೂ ಬೇಕು.

ಇನ್ನೊಂದು ಮಾತು, ಇದು ನನ್ನ ಮೇಲೆಯೇ. ಮಿರಗ ಕೂಡತು, ಬಿತ್ತಿಗಿ ಹೂಡು ಅಂತ ನಲವತ್ತು ವರ್ಷ ಹಾಡಿದ್ದೇನೆ. "ಮಿರಗ ಅಂದ್ರ ಯಾವದು, ತೋರಸು ಮುತ್ಯಾ" ಅಂದಳು ಮೊಮ್ಮಗಳು. ನನಗೆ ಬರಲಿಲ್ಲ! ರಾತ್ರಿ ಪಾಳಿಯ ಕರೆಂಟಿಗೆ ನೀರು ಹಾಯಿಸುವಾಗ ಮಾಗಿಯಲ್ಲಿ ನೆತ್ತಿಯ ಮೇಲೆ ಸಾಲಾಗಿ ನಿಂತ ಮೂರು ಚುಕ್ಕಿ ದಿನಾ ನೋಡುತ್ತೇನೆ. ಅದೇ ಮೃಗ. ಅದರ ತಲೆಯ ಕಡೆಯ ಸಣ್ಣ ಚುಕ್ಕಿಗಳು ಮೃಗಶಿರ. ಜೂನ್ 7ರ ಸುಮಾರಿಗೆ ಸೂರ್ಯ ಅಲ್ಲಿಗೆ ಬರುತ್ತಾನೆ, ಅದನ್ನೇ ನಾವು ಮಿರಗ ಕೂಡತು ಅನ್ನುವುದು. ಸೂರ್ಯ ಅಲ್ಲೇ ಇರುವುದರಿಂದ ಮಿರಗದ ಮಳೆಯಲ್ಲಿ ಮಿರಗ ಕಾಣುವುದಿಲ್ಲ, ಮಾಗಿಯಲ್ಲಿ ಕಾಣುತ್ತದೆ. ಮೂರು ಚುಕ್ಕಿಯ ಗೆರೆಯನ್ನು ಒಂದು ಕಡೆ ಎಳೆದರೆ ವ್ಯಾಧ, ಇನ್ನೊಂದು ಕಡೆ ಎಳೆದರೆ ರೋಣಿ. ಮೂರು ಚುಕ್ಕಿಯ ಕೆಳಗೆ ಕೆಂಪು ಚುಕ್ಕಿ ಇಟ್ಟು ದುರ್ಬೀನಿನಲ್ಲಿ ನೋಡಿದರೆ ಒಲೆಯ ಹೊಗೆಯಂತೆ ಒಂದು ಮಸುಕು. ಅಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿವೆಯಂತೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,300 ವರ್ಷ ಆಯಿತು, ಅಂದರೆ ಬಾದಾಮಿ ಚಾಲುಕ್ಯರು ಆಳುತ್ತಿದ್ದಾಗ ಹೊರಟದ್ದು ಈಗ ನಮ್ಮ ಹೊಲಕ್ಕೆ ಬಂದು ಮುಟ್ಟಿದೆ. ರೋಣಿ, ಮಿರಗ, ಆರಿದ್ರಿ, ಚಿತ್ತಿ, ಸ್ವಾತಿ, ಹೆಸರು ನಮ್ಮ ಬಾಯಲ್ಲಿವೆ. ಚುಕ್ಕಿ ಯಾವುದು ಅಂತ ಮರೆತಿದ್ದೇವೆ. ಗುರುತೇ ಗೊತ್ತಿಲ್ಲದಿದ್ದರೆ ಕೆಂಪು ಚುಕ್ಕಿಯನ್ನಾದರೂ ಯಾವುದರ ಮೇಲೆ ಇಡುವುದು?

ಹಾಗಾದರೆ ನನ್ನ ಬೇಡಿಕೆ ಏನು? ನಾಲ್ಕೇ ನಾಲ್ಕು.

ಯಾವ ಶಾಲೆಯಲ್ಲಿ ದುರ್ಬೀನ ಇದೆಯೋ ಅಲ್ಲಿ ಅದನ್ನು ತಿಂಗಳಿಗೆ ಒಂದು ಸಲವಾದರೂ ಕಪಾಟಿನಿಂದ ತೆಗೆಯಬೇಕು. ಅಂದು ಹಗಲೇ ಮಕ್ಕಳ ಕೈಯಿಂದ ಕೆಂಪು ಚುಕ್ಕಿ ಹೊಂದಿಸಬೇಕು. ರಾತ್ರಿ ಒಂದು ಮಗುವನ್ನು ಚುಕ್ಕಿ ಕಾಯಲು ನಿಲ್ಲಿಸಬೇಕು, ಯಾಕಂದ್ರ ಭೂಮಿ ತಿರುಗುತ್ತಲೇ ಇರುತ್ತದೆ. ನಾಲ್ಕು ಮಿನಿಟಿಗೆ ಆಕಾಶ ಒಂದು ಡಿಗ್ರಿ, ಅಂದರೆ ಎರಡು ಚಂದ್ರದಷ್ಟು ಸರಿಯುತ್ತದೆ. ಪಾಳಿಯಲ್ಲಿ ಮೂವರು ನೋಡುವುದರೊಳಗೆ ಗ್ರಹ ಕಿಂಡಿಯಿಂದ ಸರಿದಿರುತ್ತದೆ, ಮತ್ತೆ ಚುಕ್ಕಿಗೆ ತರಬೇಕು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮಗುವಿಗೆ "ಕಂಡತೇನ?" ಅಂತ ಕೇಳಬ್ಯಾಡ್ರಿ. ಹಾಗೆ ಕೇಳಿದರೆ ಗೋಣು ಹಾಕುತ್ತದೆ. "ಏನ ಕಂಡತು ಹೇಳು" ಅಂತ ಕೇಳ್ರಿ. ಕಂಡ ಮಗು ಹೇಳುತ್ತದೆ. ಕಾಣದ ಮಗು ಸುಮ್ಮನೆ ನಿಲ್ಲುತ್ತದೆ, ಆಗ ತಿರುಪು ನೋಡ್ರಿ, ಮಗುವನ್ನು ಬೈಯಬ್ಯಾಡ್ರಿ.

ಇಷ್ಟು ಹೇಳಿ ನನ್ನ ಹಾಡಕಿ ಮುಗಿಸುತ್ತೇನೆ. ಹಾಡುವವನು ಪದ ಇಲ್ಲದೆ ಎದ್ದರೆ ಚಂದ ಅಲ್ಲ, ನಾನೇ ಕಟ್ಟಿದ್ದು ಎರಡು ಸಾಲು:

ಕಾಣದ ಚುಕ್ಕಿಗೆ ಕಂಡೆ ಅಂತ ಗೋಣ ಹಾಕಬ್ಯಾಡ ಮಗನ,
ಕಾಣೂತನಕ ತಿರುಪ ತಿರುವು, ತೆರೆದಿರು ಎರಡೂ ಕಣ್ಣ.

ಎದುರಿನ ಮೇಳದವರು ಯಾರಾದರೂ ಜವಾಬು ಕೊಡುವವರಿದ್ದರೆ ವಾಚನಾಲಯದ ಮುಂದಿನ ಪುಸ್ತಕದಲ್ಲಿ ಕೊಡಲಿ. ಆದರೆ ಮೊದಲು ಒಂದು ರಾತ್ರಿ ದುರ್ಬೀನಿನಲ್ಲಿ ನೋಡಿ ಬಂದು ಕೊಡಲಿ.